ಕಲ್ಲಿನ ಮೇಲಿನ ಐದನೆಯ ಗಂಟು

ನಾನು ಎರಡನೆಯ ಇಯತ್ತೆಗೇ ಸಾಲಿ ಬಿಟ್ಟವನು. ಬೈಲಹೊಂಗಲದ ಸಂತೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಮೊಮ್ಮಗಳ ಸುದ್ದಿ ಹೇಳಿ ಬೇಸರ ಹಿಡಿಸಿದವನೂ ಹೌದು. ಏನು ಮಾಡಲಿ, ಅವಳ ಹೆಸರೆತ್ತಿದರೆ ಬಾಯಿ ನಿಲ್ಲುವುದಿಲ್ಲ. ಆದರೆ ಆ ಬಾಯಿ ಒಂದು ದಿನ ಅವಳೆದುರಿಗೇ ಕಟ್ಟಿಹೋಯಿತು.

ನಾನು ಹರೆಯದವನಿದ್ದಾಗ ಸಾಹೇಬರ ಡೇರೆಯ ಸಾಮಾನನ್ನು ನಾವು ಬಿಟ್ಟಿ ಹೊರಬೇಕಿತ್ತು. ಕೂಲಿ ಇಲ್ಲ, ಒಲ್ಲೆ ಎನ್ನುವ ಹಕ್ಕೂ ಇಲ್ಲ. ಒಮ್ಮೆ ಮುನವಳ್ಳಿಯ ದಾರಿಯಲ್ಲಿ ನಮ್ಮೂರ ನಾಲ್ವರು ಗಂಟು ಇಳಿಸಿ ಕುಳಿತೇಬಿಟ್ಟರು. ಬೆತ್ತದ ಏಟು ತಿಂದರು, ತುರಂಗಕ್ಕೆ ಹೋಗಿ ಸೆರೆ ಅನುಭವಿಸಿದರು, ಹೊರಲಿಲ್ಲ. ನಮ್ಮೂರಿಗೆ ಬಿಟ್ಟಿ ತಪ್ಪಿದ್ದು ಅವರಿಂದ. ನಾಲ್ವರೂ ತೀರಿಕೊಂಡ ಮೇಲೆ ಅವರ ನೆನಪಿಗೆ ಅಲ್ಲೊಂದು ಕಲ್ಲು ನಿಲ್ಲಿಸೋಣವೆಂದು ಊರವರು ಸವದತ್ತಿ ಕಡೆಯ ಕಲ್ಲುಕುಟಿಗನನ್ನು ಕರೆಸಿದರು.

"ಕುದರಿ, ಕತ್ತಿ ಕೆತ್ತಿ ಗೊತ್ತೈತ್ರಿ. ಸುಮ್ಮನ ಕುಂತವರನ್ನ ಹ್ಯಾಂಗ ಕೆತ್ತಲಿ?" ಎಂದ ಅವನು.

ಉಪಾಯ ಹೇಳಿದವನು ನಾನೇ. ತಲೆಹೊರೆ ಹೊತ್ತವರು ಯಾರ ಕೈಯೂ ಬೇಡದೆ ಇಳಿಸಿಕೊಳ್ಳುವಂತೆ ಎದೆಮಟ್ಟದ ಕಲ್ಲು; ಅದರ ಮೈಮೇಲೆ ಆಳಿಗೊಂದರಂತೆ ಕೆತ್ತಿದ ನಾಲ್ಕು ಗಂಟು. ಎಲ್ಲರೂ ತಲೆದೂಗಿದರು.

ಹದಿನೈದು ದಿನ ಬಿಟ್ಟು ಹೋಗಿ ನೋಡಿದರೆ ಐದು ಗಂಟು.

"ಐದನೇದ್ದು ಯಾರದೋ?"

"ನಿಂದ ಮುತ್ಯಾ! ಅವತ್ತ ನೀನೂ ಇಳಿಸಿದ್ದಿಲ್ಲೇನು?" ಎಂದ ಅಲ್ಲಿದ್ದ ಊರವನೊಬ್ಬ.

"ಇಳಿಸಿದ್ದೆ. ಬೆತ್ತ ನೋಡಿ ತಿರುಗಿ ಹೊತ್ಕೊಂಡ್ನಿ."

ಎಲ್ಲರೂ ನಕ್ಕರು. ಕಲ್ಲುಕುಟಿಗ, "ತಿರುಗಿ ಹೊತ್ತದ್ದನ್ನ ಕಲ್ಲಾಗ ತೋರಸಾಕ ಬರೂದಿಲ್ಲ, ಬಿಡು" ಎಂದ.

"ಅಳಿಸೋ ಮಾರಾಯಾ!"

"ಅಳಿಸಿದ್ರ ತಗ್ಗ ಬೀಳತೈತಿ. ಮುಂದ ಮಂದಿ, ಇಲ್ಲಿ ಯಾರದಿತ್ತು ಅಂತ ಕೇಳ್ತಾರ. ಆವಾಗ ಎಲ್ಲಾರ್ಗೂ ನೀನ ಹೇಳ್ತಿಯೇನು?"

ಕೈ ಮುಗಿದೆ, ಸಿಟ್ಟು ಮಾಡಿದೆ. ಖರೇ ಹೇಳಿದಷ್ಟೂ ಅವರ ಕಣ್ಣಿಗೆ ನಾನು ದೊಡ್ಡವನಾದೆ. "ಎಷ್ಟು ಸಣ್ಣಾಗಿ ನಡಕೋತಾನ ನೋಡ್ರಿ" ಎಂದು ಮೆಚ್ಚಿಕೊಂಡರು.

ಕಲ್ಲು ನಿಂತಿತು. ಮೊಮ್ಮಗಳು ಮೇವಿನ ಹೊರೆ ಹೊತ್ತು ಬಂದು, ತುದಿಗಾಲ ಮೇಲೆ ನಿಂತು ಒಬ್ಬಳೇ ಅದರ ಮೇಲೆ ಇಳಿಸಿ ಕುಣಿದಾಡಿದಳು. ನನಗೂ ಕುಣಿಯುವಷ್ಟು ಹಿಗ್ಗು.

"ಮುತ್ಯಾ, ಇದ್ರಾಗ ನಿಂದು ಯಾವ್ದು?"

ಈಗಲಾದರೂ ಹೇಳಬೇಕೆಂದು ಬಾಯಿ ತೆರೆದೆ. ಅವಳು ಕಣ್ಣರಳಿಸಿ ನನ್ನನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ನನ್ನ ಬೆರಳು ಐದನೆಯ ಗಂಟಿನ ಮೇಲೆ ಹೋಗಿತ್ತು.

ಅವಳು ತಾನುಟ್ಟ ಪರಕಾರದ ಅಂಚಿನಿಂದ ಅದರ ಮೇಲಿನ ಧೂಳು ಒರೆಸಿದಳು. ಉಳಿದ ನಾಲ್ಕನ್ನು ಮುಟ್ಟಲಿಲ್ಲ.