ಒಂಬೈನೂರು ಹೆಜ್ಜೆಯ ಲೆಕ್ಕ

ಭಾನುವಾರ ಬೆಳಿಗ್ಗೆ ಆರು ಗಂಟೆ ನಲವತ್ತೆರಡು ನಿಮಿಷಕ್ಕೆ ನನ್ನ ಅಕ್ಕ ಗುಡ್ಡದ ಅರ್ಧ ದಾರಿಯಲ್ಲಿ, ಚಪ್ಪಟೆ ಬಂಡೆಯೊಂದರ ಮೇಲೆ ಕೂತು ಎಡಗಾಲಿನ ಶೂ ಲೇಸು ಕಟ್ಟಿಕೊಳ್ಳುತ್ತಿದ್ದಳು. ಸಮಯ ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣವಿದೆ. ಜೊತೆಗೆ ಗುಡ್ಡ ಹತ್ತಲು ಬಂದಿದ್ದ ಅವಳ ಆಸ್ಪತ್ರೆಯ ನರ್ಸ್ ಅದೇ ನಿಮಿಷದಲ್ಲಿ ಅವಳ ಫೋಟೊ ತೆಗೆದಿದ್ದರು. ಫೋಟೊದಲ್ಲಿ ಅಕ್ಕ ನಾಲಿಗೆ ಚಾಚಿ ಅಣಕಿಸುತ್ತಿದ್ದಾಳೆ. ಗಂಟು ಬೀಳಲಿಲ್ಲ. ಬಂಡೆಗೆ ಒರಗಿದಳು, ಅಷ್ಟೆ. ಹೃದಯ ನಿಂತಿತ್ತು. ಅವಳಿಗೆ ಐವತ್ತೊಂದು ವರ್ಷ.

ಅವಳು ಆಸ್ಪತ್ರೆಯಲ್ಲಿ ಆಪ್ತ ಸಮಾಲೋಚಕಿಯಾಗಿದ್ದಳು. ಮನಸ್ಸು ಕುಗ್ಗಿದವರು, ಮಾತು ನಿಂತವರು ಅವಳ ಹತ್ತಿರ ಬರುತ್ತಿದ್ದರು. ಎರಡನೆಯ ಮಹಡಿಯ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಮೇಜು, ಮೇಜಿನ ಕೆಳಗೆ ಕೆಸರು ಒಣಗಿದ ಶೂ. ಕುರ್ಚಿಗಳು ಹೊಸದಾಗಿಯೇ ಉಳಿದಿದ್ದವು. ಬಂದವರು ಕೂರುವ ಮೊದಲೇ ಅಕ್ಕ ಎದ್ದು, "ಬನ್ನಿ, ಒಂದು ಸುತ್ತು ಹೋಗಿ ಬರೋಣ" ಎನ್ನುತ್ತಿದ್ದಳು. ಆಸ್ಪತ್ರೆಯ ಗೇಟು ದಾಟಿ, ಕಾಂಪೌಂಡು ಗೋಡೆಯ ಪಕ್ಕದಲ್ಲೇ ಸಾಗಿ, ಪಂಪ್‌ಹೌಸ್ ಬಳಸಿ ಕೆರೆಯ ದಂಡೆಗೆ. ವಾರ್ಡಿನವರು ಅವಳಿಗೆ ಚಪ್ಪಲಿ ಡಾಕ್ಟರ್ ಎಂದು ಹೆಸರಿಟ್ಟಿದ್ದರು. ಮೇಲಧಿಕಾರಿ ಒಮ್ಮೆ, "ನೀವು ಯಾವಾಗ ನೋಡಿದ್ರೂ ಕೋಣೇಲಿ ಇರಲ್ವಲ್ಲ?" ಎಂದು ಗದರಿದರು. "ಇದ್ರೆ ಕಾಯಿಲೆ ವಾಸಿ ಆಗಲ್ಲ ಸರ್" ಎಂದಳಂತೆ.

ಮಾತು ಬೆಳ್ಳಿ, ಮೌನ ಬಂಗಾರ ಎಂದು ಯಾರಾದರೂ ಹೇಳಿದರೆ ಅವಳಿಗೆ ನಗು. "ಬಂಗಾರ ಹೊರಲಾರದೆ ಬೆನ್ನು ಬಾಗಿದವರೇ ನನ್ನ ಹತ್ತಿರ ಬರೋದು. ಒಂದಿಷ್ಟು ಬೆಳ್ಳಿ ಮಾಡಿಸಿ ಕಳಿಸ್ತೀನಿ."

ಅವಳಿಗೊಂದು ಸಿದ್ಧಾಂತವಿತ್ತು. ಎಂಥ ಗಟ್ಟಿ ಮನುಷ್ಯನೂ ಒಂಬೈನೂರು ಹೆಜ್ಜೆಗೆ ಬಾಯಿ ಬಿಡುತ್ತಾನೆ. ನಾನು ಕುಡಿಯುವ ನೀರನ್ನು ಪರೀಕ್ಷಿಸುವ ಲ್ಯಾಬಿನಲ್ಲಿರುವವನು. ಸೊನ್ನೆಯಲ್ಲಿ ಮುಗಿಯುವ ಅಳತೆಯನ್ನು ಅಷ್ಟು ಸುಲಭವಾಗಿ ನಂಬುವುದಿಲ್ಲ.

"ಎಷ್ಟು ಜನರ ಮೇಲೆ ನೋಡಿದ್ದೀಯ?" ಎಂದು ಕೇಳಿದ್ದೆ.

"ನೀರಿನ ಬಾಟಲಿ ಅಲ್ಲ ಕಣೋ ಅವರು."

"ಸರಿಯಾದ ಸಂಖ್ಯೆ ಹೇಳು ಅಕ್ಕ."

"ನನ್ನ ಹತ್ತಿರ ಇದೆ. ನಿನಗೆ ಹೇಳಲ್ಲ, ಹೋಗೋ."

ಅವಳು ಹೋದ ಮೇಲೆ ಮಾತು ನಿಂತದ್ದು ಭಾವನಿಗೆ. ಭಾವ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವರು. ಮೊದಲಿಂದಲೂ ಮಿತಭಾಷಿ. ಮನೆಯ ಮಾತಿನ ಪಾಲನ್ನೆಲ್ಲ ಅಕ್ಕನೇ ಆಡಿ ಮುಗಿಸುತ್ತಿದ್ದಳು. ಈಗ ಅಡುಗೆಮನೆಯ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತರೆ ಏಳುತ್ತಿರಲಿಲ್ಲ. ಹತ್ತೊಂಬತ್ತು ದಿನಗಳಲ್ಲಿ ಅವರು ಆಡಿದ್ದು "ಹೂಂ" ಮತ್ತು "ಬೇಡ". ತೂಕ ನೋಡಿದೆ, ನಾಲ್ಕೂಕಾಲು ಕಿಲೊ ಇಳಿದಿತ್ತು. ಅವರ ಮಗಳು ನನ್ನನ್ನು ಮೆಟ್ಟಿಲ ಹತ್ತಿರ ತಡೆದು, "ಮಾಮ, ಹೀಗೇ ಬಿಟ್ರೆ ಅಪ್ಪಾನೂ ಅಮ್ಮನ ಹಿಂದೇನೇ ಹೋಗ್ತಾರೆ. ಏನಾದ್ರೂ ಮಾಡು" ಎಂದಳು.

ನನಗೆ ತಿಳಿದದ್ದು ಒಂದೇ. ಇಪ್ಪತ್ತನೆಯ ದಿನ ಸಂಜೆ ಐದೂ ಹತ್ತಕ್ಕೆ ಭಾವನ ಕಾಲಿಗೆ ನಾನೇ ಶೂ ತೊಡಿಸಿ, ಆಸ್ಪತ್ರೆಯ ಗೇಟಿನವರೆಗೆ ಆಟೋದಲ್ಲಿ ಕರೆದೊಯ್ದೆ. ಅಲ್ಲಿಂದ ನಡಿಗೆ. ನಾನು ಮನಸ್ಸಿನಲ್ಲೇ ಎಣಿಸಿದೆ. ಮುನ್ನೂರು. ಐನೂರು. ಗೋಡೆ ಮುಗಿಯಿತು. ಎಂಟುನೂರು. ಒಂಬೈನೂರು.

ಭಾವ ತುಟಿ ಬಿಚ್ಚಲಿಲ್ಲ.

ನನಗೆ ಸತ್ತವಳ ಮೇಲೆ ಸಿಟ್ಟು ಬಂತು. ಸುಳ್ಳು ಲೆಕ್ಕ ಕೊಟ್ಟು ಹೋದಳಲ್ಲ. ತಿರುಗಿ ಹೊರಡೋಣವೆಂದು ನಿಂತೆ. ಭಾವ ಗಮನಿಸದೆ ಮುಂದೆ ಹೋದರು. ಉದ್ದನೆಯ ಕಾಲುಗಳು, ನಿಧಾನವಾದ ದೊಡ್ಡ ಹೆಜ್ಜೆಗಳು. ಅದನ್ನು ನೋಡುತ್ತಿದ್ದಂತೆ ಅಕ್ಕ ಎಂದೋ ಬೈದದ್ದು ನೆನಪಾಯಿತು: "ಪೆದ್ದ, ನಿನ್ನ ಹೆಜ್ಜೆ ಎಣಿಸಿ ಏನು ಮಾಡ್ತೀಯೋ? ಎಣಿಸಬೇಕಾದ್ದು ಅವರದ್ದು."

ನಾನು ಕುಳ್ಳ. ನನ್ನ ಒಂಬೈನೂರು ಭಾವನಿಗೆ ಏಳುನೂರರ ಆಸುಪಾಸು. ಮೂವತ್ತು ವರ್ಷದಿಂದ ಅಳತೆಯ ಕೆಲಸ ಮಾಡುವವನು ಬೇರೆ ಪಾತ್ರೆಯ ನೀರನ್ನು ಅಳೆದಿದ್ದೆ. ಓಡಿ ಹೋಗಿ ಅವರ ಪಕ್ಕ ಸೇರಿಕೊಂಡೆ. ಏಳುನೂರಿಪ್ಪತ್ತು ಎಂದು ಅಂದಾಜಿಟ್ಟು, ಅವರ ಕರಿಯ ಶೂಗಳನ್ನೇ ನೋಡುತ್ತ ಎಣಿಸಿದೆ. ಪಂಪ್‌ಹೌಸ್ ದಾಟಿ ಕೆರೆ ಕಂಡಿತು. ನೀರಿನ ಮೇಲೆ ಎರಡು ಬಾತುಕೋಳಿಗಳಿದ್ದವು.

"ಎರಡು ಸಲ ಕರೆದ್ಳು" ಎಂದರು ಭಾವ.

ನಾನು ಎಣಿಕೆ ಬಿಟ್ಟೆ.

"ಆವತ್ತು ಬೆಳಿಗ್ಗೆ. ಏಳ್ರೀ, ಬನ್ರೀ ಅಂತ. ಮುಂದಿನ ವಾರ ಬರ್ತೀನಿ ಅಂದು ಮುಸುಕು ಎಳ್ಕೊಂಡೆ. ಲೇಸು ಕಟ್ಟೋಕೆ ನಾನಿರಬೇಕಿತ್ತು."

ಯಾರಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದು ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಲಿಲ್ಲ. ಅಕ್ಕ ಇದ್ದಿದ್ದರೆ ಹೇಳುತ್ತಿರಲಿಲ್ಲ, ಜೊತೆಗೆ ನಡೆಯುತ್ತಿದ್ದಳು. ನಾನೂ ನಡೆದೆ. ಭಾವ ದಂಡೆಯ ಉದ್ದಕ್ಕೂ ಸದ್ದಿಲ್ಲದೆ ಅತ್ತರು. ನನ್ನ ಕರವಸ್ತ್ರ ಕೊಟ್ಟೆ. ಆಮೇಲೆ ಅದು ನನಗೂ ಬೇಕಾಯಿತು.

ಸ್ವಲ್ಪ ದೂರ ಹೋದ ಮೇಲೆ ಅವರು, "ನೀನು ಎಣಿಸ್ತಾ ಇದ್ದೆ ಅಲ್ವಾ? ತುಟಿ ಅಲ್ಲಾಡ್ತಿತ್ತು" ಎಂದರು.

"ಹೌದು ಭಾವ. ಎಡವಟ್ಟಾಯ್ತು. ಮೊದಲು ನನ್ನದನ್ನೇ ಎಣಿಸಿಬಿಟ್ಟೆ."

"ಒಂಬೈನೂರು ಅಂತ ತಾನೇ ಹೇಳಿದ್ದು ನಿಮ್ಮಕ್ಕ? ಅದು ಊರಿಗೆಲ್ಲ ಹೇಳಿದ ಲೆಕ್ಕ." ಭಾವ ಮೂಗು ಒರೆಸಿಕೊಂಡರು. "ಮದುವೆಗೆ ಮುಂಚೆ, ಗುಡ್ಡ ಹತ್ತೋಕೆ ಹೋಗಿ ಕನ್ನಡಕ ಮುರ್ಕೊಂಡು ನಮ್ಮ ಅಂಗಡಿಗೆ ಬಂದಿದ್ಳು. ರಿಪೇರಿ ಮಾಡ್ಕೊಟ್ಟೆ. ಸಂಜೆ ನಡೆಯೋಕೆ ಬರ್ತೀರಾ ಅಂದ್ಳು. ಹೋದೆ. ಏನು ಮಾತಾಡೋದು ಅಂತ ತೋಚಲಿಲ್ಲ. ಅವಳೂ ಸುಮ್ನೆ ನನ್ನ ಕಾಲು ನೋಡ್ತಾ ಬಂದ್ಳು. ಕೊನೆಗೆ, ಕನ್ನಡಕ ಬಿಗಿ ಆಯ್ತಾ ಅಂದೆ. ನಡುರಸ್ತೇಲಿ ನಿಂತ್ಕೊಂಡು, ಎಲ್ಲರಿಗೂ ಕೇಳೋ ಹಾಗೆ ಒಂದೇ ಮಾತು ಹೇಳಿ ನಕ್ಕುಬಿಟ್ಳು."

"ಏನಂದ್ಳು?"

"ಒಂಬೈನೂರ ಹನ್ನೆರಡು."