ಮೆಷಿನ್ನು ನಿಂತಾಗ ಪುಟ ತಿರುಗಿಸು

ಬೀದಿಯವರೆಲ್ಲ ಅವಳನ್ನು ಹೊಲಿಗೆಯಕ್ಕ ಎಂದೇ ಕರೆಯುತ್ತಿದ್ದರು. ಮುಂದಿನ ಕೋಣೆಯ ಕಿಟಕಿಗೆ ಒತ್ತಿ ಕಾಲಿನಿಂದ ತುಳಿಯುವ ಮೆಷಿನ್ನು, ಗೋಡೆಯ ಮೊಳೆಗೆ ನೇತುಹಾಕಿದ ಕತ್ತರಿ, ಬಾಗಿಲ ಹಿಂದೆ ಗುಂಡಿಗಾಗಿ ಕಾದಿರುವ ಅಂಗಿಗಳು. ಆ ಕೋಣೆಯೇ ಅಂಗಡಿ. ಎರಡು ವರ್ಷದಿಂದ ಮಗಳ ಪಾಠಶಾಲೆಯೂ ಅದೇ.

ಮಗಳಿಗೆ ಒಂಬತ್ತು ವರ್ಷ. ನಿಂತಲ್ಲಿ ನಿಲ್ಲದವಳಾದ್ದರಿಂದ ಬುಗುರಿ ಎಂಬ ಹೆಸರು ಅಂಟಿಕೊಂಡಿತ್ತು. ಅವಳ ಕಣ್ಣಿಗೆ ದೋಷವಿಲ್ಲ, ಬುದ್ಧಿಗೂ ಇಲ್ಲ, ಆದರೆ ಅಕ್ಷರಗಳು ಮಾತ್ರ ಅವಳಿಗೆ ಕೂತಲ್ಲಿ ಕೂರುವುದಿಲ್ಲ ಎಂದು ಪರೀಕ್ಷೆ ಮಾಡಿದ ಡಾಕ್ಟರು ಹೇಳಿದ್ದರು. ಶಾಲೆಯಲ್ಲಿ ಅವಳನ್ನು ಕೊನೆಯ ಬೆಂಚಿಗೆ ಕಳಿಸಿದ್ದರು. ಒಂದು ಸಂಜೆ ಚಪ್ಪಲಿ ಬಿಚ್ಚುತ್ತಾ, "ಅಮ್ಮ, ನಾನು ದಡ್ಡಿಯಂತೆ," ಎಂದಳು, ಹೊರಗೆ ಬಿಸಿಲಿದೆ ಎನ್ನುವಷ್ಟೇ ಸಲೀಸಾಗಿ. ಮರುದಿನದಿಂದ ಹೊಲಿಗೆಯಕ್ಕ ಅವಳನ್ನು ಶಾಲೆಗೆ ಕಳಿಸಲಿಲ್ಲ.

ಅವಳಿಗೆ ಗೊತ್ತಿದ್ದದ್ದು ತನ್ನ ತಾತ ಕಲಿತ ಹಳೇ ಕ್ರಮದ ಪಾಠ. ಮೊದಲು ಕಿವಿ, ಆಮೇಲೆ ಬಾಯಿ, ಆಮೇಲೆ ವಾದ. ಅವಳು ಮೆಷಿನ್ನು ತುಳಿಯುತ್ತಾ ಹಳೆಯ ಕಥನಪದ್ಯದ ಒಂದು ಸಾಲು ಹೇಳುವಳು, ಮಗಳು ಅದನ್ನು ತಿರುಗಿ ಹೇಳುವಳು.

"ಹರಿವ ನೀರಿಗೆ ಮನೆಯದೆಲ್ಲಿದೆ, ಕರೆವ ತಾಯಿಯ ದನಿಯದೆಲ್ಲಿದೆ."

ತುಳಿತದ ತಾಳಕ್ಕೆ ಸಾಲು ತಾನಾಗಿ ತೂಗುತ್ತಿತ್ತು. ಬಳಿಕ ಅರ್ಥವನ್ನು ಮಗಳು ತನ್ನ ಮಾತಲ್ಲೇ ಹೇಳಬೇಕು, ಆಮೇಲೆ ಒಂದು 'ಯಾಕೆ' ಕೇಳಬೇಕು. ಕಾರಣ ಕೊಡದೆ ಮಾತು ಮುಗಿಸುವಂತಿಲ್ಲ ಎಂಬುದು ಆ ಕೋಣೆಯ ಕಾನೂನು, ಅಮ್ಮನಿಗೂ ಸೇರಿ. ಕೊನೆಗೆ ಕತ್ತರಿಸಿ ಉಳಿದ ಬಟ್ಟೆಯ ಮೇಲೆ ಗುರುತು ಹಾಕುವ ಸೀಮೆಸುಣ್ಣದಿಂದ ದೊಡ್ಡದಾಗಿ ನಾಲ್ಕು ಅಕ್ಷರ. ಪದ್ಯವೇನೋ ನೂರಾರು ಸಾಲು ನಾಲಗೆಯ ತುದಿಗೆ ಬಂದಿತ್ತು. ಅಕ್ಷರದ್ದು ಮಾತ್ರ ಇರುವೆ ನಡಿಗೆ.

ಗಂಡನಿಗೆ ಸಮಾಧಾನವಿರಲಿಲ್ಲ. "ನಿಮ್ಮಕ್ಕ ಟೀಚರು. ಅವರೇ ಬಂದು ನೋಡ್ಲಿ. ಸರಿ ಅಂದ್ರೆ ನಾನು ತುಟಿ ಬಿಚ್ಚಲ್ಲ. ಇಲ್ಲಾಂದ್ರೆ ಶಾಲೆ ಶುರುವಾದ ತಕ್ಷಣ ಬುಗುರಿ ಮತ್ತೆ ಹೋಗ್ಲಿ," ಎಂದ.

ಅಕ್ಕ ಬರುವ ವಾರವೆಲ್ಲ ಹೊಲಿಗೆಯಕ್ಕನಿಗೆ ಅದೇ ಚಿಂತೆ. ಎರಡು ವರ್ಷ ಮನೆಯಲ್ಲಿಟ್ಟುಕೊಂಡು ಒಂದು ಪುಟ ಓದಲು ಕಲಿಸಲಿಲ್ಲವಲ್ಲ ಎಂಬ ಮಾತು ಅಕ್ಕನ ಬಾಯಿಂದ ಬರುವ ಮೊದಲೇ ಅವಳಿಗೆ ಕೇಳಿಸತೊಡಗಿತ್ತು. ಆಗ ಅವಳಿಗೊಂದು ಉಪಾಯ ಹೊಳೆಯಿತು. ಪದ್ಯದ ಪುಸ್ತಕವನ್ನು ಮಗಳ ಕೈಗಿತ್ತಳು.

"ನೋಡೇ ಬುಗುರಿ, ನೀನು ಪದ್ಯ ಹೇಳ್ತಿರು, ನಾನು ತುಳೀತಾ ಪುಟ ಮುಗಿಯೋ ಸಾಲಿಗೆ ನಿಲ್ಲಿಸ್ತೀನಿ. ಮೆಷಿನ್ನು ನಿಂತಾಗ ಪುಟ ತಿರುಗಿಸು. ಅಷ್ಟೇ."

"ಯಾಕೆ?"

"ಚೆನ್ನಾಗಿ ಕಾಣತ್ತೆ."

ಮಗಳು ಅವಳ ಮುಖ ನೋಡಿದಳು. ಅದು ಕಾರಣವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಮಗಳು ಮತ್ತೆ ಕೇಳಲಿಲ್ಲ. ದಿನಾ ಮಧ್ಯಾಹ್ನ ಅಭ್ಯಾಸ ನಡೆಯಿತು.

ಅಕ್ಕ ಬಂದಳು. ಚೀಲ ಇಡುವ ಮೊದಲೇ ತಂಗಿಯನ್ನು ಮೇಲಿಂದ ಕೆಳಗೆ ನೋಡಿ, "ಊರಿಗೆಲ್ಲ ಬಟ್ಟೆ ಹೊಲಿತೀಯ, ನಿನ್ನ ರವಿಕೆ ತೋಳು ಮಾತ್ರ ಬಿಚ್ಚಿಕೊಂಡು ನೇತಾಡ್ತಿದೆ," ಎಂದಳು. ನಕ್ಕರು. ಚಹಾ ಆಯಿತು. ಬುಗುರಿ ಗೋಡೆಗೊರಗಿ ಪುಸ್ತಕ ತೆರೆದಳು, ಅಮ್ಮ ಒಂದು ಲಂಗದ ಅಂಚು ಹೊಲಿಯುತ್ತಾ ತುಳಿಯತೊಡಗಿದಳು.

ಪದ್ಯ ಹೊಳೆಯ ಹಾಗೆ ಹರಿಯಿತು. ಮೆಷಿನ್ನು ನಿಂತಿತು, ಪುಟ ತಿರುಗಿತು. ಮತ್ತೆ ನಿಂತಿತು, ಮತ್ತೆ ತಿರುಗಿತು. ಅಕ್ಕನ ಹುಬ್ಬು ಮೇಲೇರಿತ್ತು. ಹೊಲಿಗೆಯಕ್ಕನ ಎದೆ ಹಗುರಾಗುತ್ತಿದ್ದಂತೆಯೇ ಸೂಜಿಯ ಬಳಿ ಪಟ್ಟೆಂದು ದಾರ ಹರಿಯಿತು. ಅಭ್ಯಾಸಬಲದಿಂದ ಕಾಲು ತಾನಾಗಿ ನಿಂತಿತು.

ಬುಗುರಿ ಪುಟ ತಿರುಗಿಸಿದಳು.

ಪದ್ಯದ ಅಂಬಿಗ ಇನ್ನೂ ನಡುಹೊಳೆಯಲ್ಲಿ ಹುಟ್ಟು ಹಾಕುತ್ತಿದ್ದ, ಅವಳ ಧ್ವನಿ ಅವನ ಜೊತೆಗೇ ಇತ್ತು. ಪುಟದಲ್ಲಿ ಮಾತ್ರ ದೋಣಿಯಿರಲಿಲ್ಲ, ಅಕ್ಷರದ ಸಾಲೂ ಇರಲಿಲ್ಲ. ಅಂಚಿನಿಂದ ಅಂಚಿಗೆ ಅರಮನೆಯ ಕುದುರೆಯ ಚಿತ್ರ. ಅಕ್ಕ ಚಿತ್ರ ನೋಡಿದಳು, ಹುಡುಗಿಯನ್ನು ನೋಡಿದಳು, ಕೊನೆಗೆ ತಂಗಿಯ ಕಾಲನ್ನು ನೋಡಿದಳು.

ದೊಡ್ಡಮ್ಮ ಅಮ್ಮನ ಕಾಲು ನೋಡುವುದನ್ನು ಕಂಡು ಬುಗುರಿ ಪದ್ಯ ನಿಲ್ಲಿಸಿದಳು. "ನೀನು ನಿಲ್ಲಿಸಿದ್ಯಲ್ಲಮ್ಮ. ಅದಕ್ಕೇ ತಿರುಗಿಸ್ದೆ."

ಹೊಲಿಗೆಯಕ್ಕನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ಬಗ್ಗಿಸಿದಳು. ದಾರ ಸೂಜಿಯ ಕಣ್ಣಿಗೆ ಹೋಗಲೇ ಇಲ್ಲ.

"ಅವಳಿಗೆ ಓದೋಕೆ ಬರಲ್ಲ ಅಂತ ನಂಗೆ ಗೊತ್ತಿತ್ತು ಕಣೇ," ಎಂದಳು ಅಕ್ಕ ಮೆಲ್ಲಗೆ. "ನಮ್ಮ ಶಾಲೇಲೂ ಇಂಥ ಮಕ್ಕಳಿದಾವೆ. ಏನು ಬರತ್ತೆ ಅಂತ ನೋಡೋಕೆ ಬಂದೆ ನಾನು. ನನ್ನ ಮುಂದೆ ಈ ನಾಟಕ ಯಾಕೆ?"

ಹೊಲಿಗೆಯಕ್ಕ ಮತ್ತೆ ದಾರದ ತುದಿ ನೆಕ್ಕಿ ಸೂಜಿಯತ್ತ ಬಾಗಿದಳು. ಮುಂದಿನ ಪ್ರಶ್ನೆ ಕೇಳಿದವಳು ಬುಗುರಿ.

"ಬರಲ್ಲ ಅಂತ ಹೇಳಿದ್ರೆ ದೊಡ್ಡಮ್ಮ ಬೈತಾರೆ ಅಂತಾನಾ ಅಮ್ಮ? ಇಲ್ಲ, ನಿಂಗೆ ನಾಚಿಕೆ ಅಂತಾನಾ?"

ಎರಡು ವರ್ಷ ಕಲಿಸಿದ್ದು ಇದನ್ನೇ. ಮಾತಿಗೆ ಕಾರಣ ಕೇಳು, ಎರಡು ಕಾರಣ ಇಟ್ಟು ಯಾವುದು ನಿಜ ಎಂದು ನೋಡು. ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಪಾಠ ಒಪ್ಪಿಸುವಾಗಿನ ದನಿಯೇ. ಕೋಣೆಯ ಕಾನೂನಿನಂತೆ ಅಮ್ಮ ಉತ್ತರ ಕೊಡಲೇಬೇಕಿತ್ತು.

"ನಂಗೆ ನಾಚಿಕೆ ಅಂತ," ಎಂದಳು.

ಬುಗುರಿ ಪುಸ್ತಕ ಮುಚ್ಚಿ ಮೆಷಿನ್ನಿನ ಮೇಲಿಟ್ಟಳು. ಪುಸ್ತಕವಿಲ್ಲದೇ ಹೇಳು ಕಂದ ಎಂದು ದೊಡ್ಡಮ್ಮ ಎಷ್ಟು ಪುಸಲಾಯಿಸಿದರೂ, "ಇವತ್ತು ಬೇಡ," ಎಂದು ಒಳಗೆ ಹೋದಳು. ಸುತ್ತದೆ, ಕುಣಿಯದೆ, ನೇರವಾಗಿ ನಡೆದು ಹೋದಳು. ಅದನ್ನು ನೋಡುವುದು ತಾಯಿಗೆ ಬೈಗುಳಕ್ಕಿಂತ ಕಷ್ಟವಾಯಿತು.

ಹೊರಡುವಾಗ ಅಕ್ಕ ಹೊಸ್ತಿಲಲ್ಲಿ ನಿಂತಳು. "ಈಗ ಕೇಳಿದಳಲ್ಲ, ಹಾಗೆ ಕೇಳೋ ಮಕ್ಕಳು ನನ್ನ ಕ್ಲಾಸಲ್ಲಿ ಇಬ್ಬರಿಲ್ಲ. ನಿನ್ನ ಪಾಠ ನಡೀಲಿ, ನಿನ್ನ ಗಂಡನಿಗೆ ನಾನು ಹೇಳ್ತೀನಿ. ಅಕ್ಷರ ಕಲಿಸೋಕೆ ಬೇರೆ ದಾರಿಗಳಿವೆ, ನಾನೇ ಬಂದು ತೋರಿಸ್ತೀನಿ. ಆದ್ರೆ ಕೇಳು. ಶಾಲೇಲಿ ದಡ್ಡಿ ಅಂದ್ರು. ನೀನು ಅದನ್ನ ಬಚ್ಚಿಟ್ಕೋ ಅಂದೆ. ಇನ್ನೊಂದ್ಸಲ ಹಂಗಾದ್ರೆ ಶಾಲೆಯೇ ವಾಸಿ."

ಗೆದ್ದೆನೆಂದು ಹೊಲಿಗೆಯಕ್ಕನಿಗೆ ಅನ್ನಿಸಲೇ ಇಲ್ಲ.

ಎರಡು ದಿನ ಬುಗುರಿ ಪದ್ಯದ ತಂಟೆಗೆ ಬರಲಿಲ್ಲ. ಮೂರನೆಯ ದಿನ, ಅವಳು ನೆಲದ ಮೇಲೆ ಗುಂಡಿಗಳನ್ನು ಬಣ್ಣಬಣ್ಣಕ್ಕೆ ಬೇರೆ ಮಾಡುತ್ತಿದ್ದಾಗ, ರವಿಕೆಯ ಅಳತೆ ಕೊಡಲು ಎದುರುಮನೆಯವಳು ಬಂದಳು. ಎಲ್ಲರೂ ಕೇಳುವುದನ್ನೇ ಅವಳೂ ಕೇಳಿದಳು. "ಮನೇಲೇ ಓದ್ತಿದಾಳಂತಲ್ಲ, ಈಗ ದೊಡ್ಡ ದೊಡ್ಡ ಪುಸ್ತಕ ಓದ್ತಾಳೇನೋ?"

ಇಷ್ಟು ದಿನ ಈ ಪ್ರಶ್ನೆಗೆ ಹೊಲಿಗೆಯಕ್ಕ, "ಹೂಂ, ನಡೀತಿದೆ," ಎಂದು ತೇಲಿಸಿಬಿಡುತ್ತಿದ್ದಳು. ಇವತ್ತು ಅಳತೆಯ ಟೇಪು ಎದುರುಮನೆಯವಳ ಭುಜದ ಮೇಲೆಯೇ ನಿಂತಿತು. ಕಿವಿ ಕಾದ ಇಸ್ತ್ರಿಯಂತಾಯಿತು.

"ಇಲ್ಲ. ಅವಳಿಗಿನ್ನೂ ಓದೋಕೆ ಬರಲ್ಲ. ಅಕ್ಷರ ಅವಳಿಗೆ ಕಷ್ಟ, ಕಲೀತಿದಾಳೆ. ಕೇಳಿ ಕಲಿತದ್ದು ಮಾತ್ರ ಬೇಕಾದಷ್ಟಿದೆ."

"ಅಯ್ಯೋ ಪಾಪ," ಎಂದಳು ಎದುರುಮನೆಯವಳು.

ಆ 'ಪಾಪ' ಮೈಗೆ ಮುಳ್ಳಿನಂತೆ ಚುಚ್ಚಿತು. ನಾಚಿಕೆ ಹೋಗಿರಲಿಲ್ಲ. ಹೋಗುವ ಲಕ್ಷಣವೂ ಇರಲಿಲ್ಲ. ಆದರೂ ಆಡಿದ ಮಾತನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಟೇಪು ಜಾರಿಸಿ ತೋಳಿನ ಉದ್ದ ಅಳೆದಳು.

ನೆಲದಿಂದ ಬುಗುರಿ ತಲೆಯೆತ್ತಿ, "ಪಾಪ ಯಾಕೆ?" ಎಂದು ಎದುರುಮನೆಯವಳನ್ನು ಕೇಳಿದಳು. ಅವಳಿಂದ ಕಾರಣ ಬರಲಿಲ್ಲ. ಬುಗುರಿ ಒಂದು ಗಳಿಗೆ ಕಾದು, ಮತ್ತೆ ಗುಂಡಿಗಳ ಕಡೆ ಬಗ್ಗಿ, ಅಂಬಿಗ ನಿಂತುಹೋಗಿದ್ದ ಸಾಲಿನಿಂದಲೇ ತನ್ನಷ್ಟಕ್ಕೆ ಹೇಳತೊಡಗಿದಳು. ಮೆಷಿನ್ನು ಸುಮ್ಮನಿತ್ತು.