ಬಂಡಳ್ಳಿಯಿಂದ ಹುಬ್ಬಳ್ಳಿಗೆ ವಿಮಾನ

‘ಎಲ್ಲಿಂದ?’ ಎಂಬ ಖಾನೆಯಲ್ಲಿ ಪಕ್ಕದ ಮನೆಯ ಮಾದಮ್ಮತ್ತೆ ‘ಬಂಡಳ್ಳಿ’ ಎಂದು ಒತ್ತಿದರು. ಸಣ್ಣ ಊರುಗಳವರು ವಿಮಾನ ಹುಡುಕಲೆಂದು ನಾನು ಕನ್ನಡದಲ್ಲಿ ಕಟ್ಟುತ್ತಿದ್ದ ವೆಬ್‌ಸೈಟು, ‘ಈ ಹೆಸರಿನ ವಿಮಾನ ನಿಲ್ದಾಣವಿಲ್ಲ’ ಎಂದಿತು.

“ಅಲ್ಲ ಕಣವ್ವ, ನಾನು ಒಂಟಿರೋದು ಇಲ್ಲಿಂದ್ಲೇ ತಾನೇ? ನಮ್ಮೂರೇ ಇಲ್ಲ ಅಂತದಲ್ಲ ಇದು!”

ನಗಲು ಪುರುಸೊತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿದ್ದ ಅವರ ಮಗಳಿಗೆ ಸಂಜೆಯೇ ಸಿಸೇರಿಯನ್ ಎಂದು ಬೆಳಗಿನ ಜಾವ ಆಗಷ್ಟೇ ಫೋನ್ ಬಂದಿತ್ತು. ಮೊದಲ ಹೆರಿಗೆಗೆ ತಾಯಿ ಹತ್ತಿರವಿರಬೇಕು. ಬಸ್ಸಿನಲ್ಲೇ ಹೋದರೆ ತಲುಪುವಾಗ ರಾತ್ರಿಯಾಗುತ್ತದೆ. ನಾನೇ ‘ಬೆಂಗಳೂರು’ ಎಂದು ಒತ್ತಿದೆ. ಮಧ್ಯಾಹ್ನ ಒಂದು ವಿಮಾನವಿತ್ತು.

“ಕಿಟ್ಕಿ ಸೀಟೇ ಮಾಡವ್ವ, ವಾಂತಿ ಬಂದ್ರೆ?”

“ಅತ್ತೆ, ಆ ಕಿಟಕಿ ತೆಗೆಯೋಕಾಗಲ್ಲ!”

ಈ ಸಲ ಇಬ್ಬರಿಗೂ ನಗು ತಡೆಯಲಿಲ್ಲ. ಟಿಕೆಟ್ ಮಾಡಿ, ಅವರನ್ನು ಸ್ಕೂಟರಿನಲ್ಲಿ ಕೊಳ್ಳೇಗಾಲಕ್ಕೆ ಕರೆದೊಯ್ದು ಬೆಂಗಳೂರು ಬಸ್ಸು ಹತ್ತಿಸಿದೆ. ವಿಮಾನ ನಿಲ್ದಾಣದಲ್ಲಿ ಜತೆಗಿರಲು ಬೆಂಗಳೂರಿನಲ್ಲಿರುವ ನನ್ನ ಗೆಳತಿಗೆ ಹೇಳಿದೆ.

ಸಂಜೆ ಫೋನ್ ಬಂತು. “ಎಣ್ಣು ಮಗ ಕಣವ್ವ! ಅವಳನ್ನ ಒಳಕ್ಕೆ ಕರ್ಕಂಡು ಓಗೋ ಮುಂಚೆನೇ ಬಂದುಬುಟ್ಟೆ!”

ಯಾರೊಂದಿಗೂ ಹೆಚ್ಚು ಮಾತಾಡದ ನಾನು ಬೀದಿಗೆ ಓಡಿ, ಎದುರು ಸಿಕ್ಕವರಿಗೆಲ್ಲ ಕೂಗಿ ಸುದ್ದಿ ಹೇಳಿದೆ.

ಮರುದಿನವೇ ಆ ಖಾನೆಯನ್ನು ಬದಲಿಸಿದೆ. ಈಗ ಅದು ‘ನಿಮ್ಮೂರು ಯಾವುದು?’ ಎಂದಷ್ಟೇ ಕೇಳುತ್ತದೆ. ಬಂಡಳ್ಳಿ ಎಂದರೆ ಕೊಳ್ಳೇಗಾಲದ ಬಸ್ಸಿನಿಂದಲೇ ದಾರಿ ತೋರಿಸುತ್ತದೆ. ಹನೂರು, ಹೊನ್ನೂರುಗಳನ್ನೂ ಸೇರಿಸಿದ್ದೇನೆ. ಇನ್ನು ನಮ್ಮ ಯಾವ ಊರನ್ನೂ ಅದು ಇಲ್ಲ ಎನ್ನಬಾರದು.